ಆನರ್ಸ್ ಇಲ್ಲದಿದ್ದರೆ ಗ್ರ್ಯಾಜುಯೇಟ್ ಸ್ಕೂಲ್ ಬಾಗಿಲು ತೆರೆಯುವುದಿಲ್ಲವೇ?



ನಮ್ಮ ಕೂಟದ ಊಟದ ಸಾಲಿನಲ್ಲಿ, ಮಕ್ಕಳನ್ನು ಕನ್ನಡ ತರಗತಿಗೆ ಬಿಟ್ಟು ಹೊರಗೆ ಕಾಯುವಾಗ, ಈಚೆಗೆ ಮತ್ತೆ ಮತ್ತೆ ಕಿವಿಗೆ ಬೀಳುವ ಪ್ರಶ್ನೆ ಒಂದಿದೆ: "ಮಗಳು ಕಾಲೇಜಿನಲ್ಲಿ ಎರಡನೇ ವರ್ಷ. ಆನರ್ಸ್ ಮಾಡದಿದ್ದರೆ ಮುಂದೆ ಪಿಎಚ್‌.ಡಿ.ಗೆ ಒಳ್ಳೆಯ ಕಡೆ ಸೀಟು ಸಿಗುವುದಿಲ್ಲವಂತೆ, ನಿಜವೇ?" ಕೇಳುವವರಲ್ಲಿ ಹೆಚ್ಚಿನವರು ನನ್ನ ಹಾಗೆ ಕರ್ನಾಟಕದಲ್ಲಿ ಬಿ.ಇ. ಮುಗಿಸಿ ಬಂದವರು. ನಮ್ಮ ಕಾಲದಲ್ಲಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಆನರ್ಸ್ ಎಂಬ ಮಾತೇ ಇರಲಿಲ್ಲ. ಇದ್ದದ್ದು ಫಸ್ಟ್ ಕ್ಲಾಸ್, ಡಿಸ್ಟಿಂಕ್ಷನ್, ಮತ್ತು ಪೇಪರಿನಲ್ಲಿ ಫೋಟೋ ಬರುವ ರ‍್ಯಾಂಕ್. ಹಾಗಾಗಿ ಇಲ್ಲಿನ ಆನರ್ಸ್ ಎಂದರೆ ಅಲ್ಲಿನ ರ‍್ಯಾಂಕ್ ಎಂದು ನಾವೇ ಅನುವಾದ ಮಾಡಿಕೊಂಡು, ಅದೇ ಭಯವನ್ನು ಮಕ್ಕಳ ತಲೆಯ ಮೇಲೆ ಹೊರಿಸುತ್ತೇವೆ.

ನಾನು ವೃತ್ತಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ಯಾವ ಪ್ರವೇಶ ಸಮಿತಿಯಲ್ಲೂ ಕುಳಿತವನಲ್ಲ. ಆದರೆ ಇಲ್ಲಿ ಎಂ.ಎಸ್. ಮಾಡಿದ್ದೇನೆ, ಕೆಲವು ವರ್ಷಗಳಿಂದ ಬಳಗದ ಮಕ್ಕಳ ಅರ್ಜಿಗಳನ್ನು ಓದಿ ಕೊಡುತ್ತಿದ್ದೇನೆ, ನಮ್ಮಲ್ಲೇ ಇರುವ ಇಬ್ಬರು ಪ್ರಾಧ್ಯಾಪಕ ಮಿತ್ರರನ್ನು ಸಾಕಷ್ಟು ಪೀಡಿಸಿದ್ದೇನೆ. ತಿಳಿದದ್ದನ್ನು ಪಾಠದ ಹಾಗೆ ಒಂದೊಂದಾಗಿ ಬರೆಯುತ್ತೇನೆ.

ಪಾಠ 1: ಹೆಸರು ಒಂದು, ಅರ್ಥ ನಾಲ್ಕು

ಪ್ರೋಗ್ರಾಮ್ ಬರೆಯುವವರಿಗೆ ಈ ತೊಂದರೆ ಗೊತ್ತು. ಎರಡು ಫೈಲುಗಳಲ್ಲಿ ಒಂದೇ ಹೆಸರಿನ ವೇರಿಯಬಲ್ ಇದ್ದರೆ ಎರಡರಲ್ಲೂ ಒಂದೇ ಬೆಲೆ ಇರಬೇಕೆಂದೇನೂ ಇಲ್ಲ. ಅಮೆರಿಕದ ಕಾಲೇಜುಗಳಲ್ಲಿ ಆನರ್ಸ್ ಎಂಬ ಪದವೂ ಹಾಗೆಯೇ. ಅದು ಕನಿಷ್ಠ ನಾಲ್ಕು ಬೇರೆ ಬೇರೆ ವಸ್ತುಗಳ ಹೆಸರು.

ಮೊದಲನೆಯದು ಲ್ಯಾಟಿನ್ ಆನರ್ಸ್. ಕಮ್ ಲಾಡೆ, ಮ್ಯಾಗ್ನಾ ಕಮ್ ಲಾಡೆ, ಸುಮ್ಮಾ ಕಮ್ ಲಾಡೆ ಎಂದು ಪದವಿ ಪತ್ರದ ಮೇಲೆ ಅಚ್ಚಾಗುವುದು ಇದೇ. ಪ್ರಶಂಸೆಯೊಂದಿಗೆ, ಹೆಚ್ಚಿನ ಪ್ರಶಂಸೆಯೊಂದಿಗೆ, ಅತ್ಯುಚ್ಚ ಪ್ರಶಂಸೆಯೊಂದಿಗೆ ಎಂದು ಅರ್ಥ. ಸಾಮಾನ್ಯವಾಗಿ ಇದು ಜಿಪಿಎಯ ಲೆಕ್ಕ. ಕೆಲವು ಕಡೆ ಇಂತಿಷ್ಟು ಜಿಪಿಎ ದಾಟಿದವರಿಗೆ, ಕೆಲವು ಕಡೆ ತರಗತಿಯ ಮೇಲಿನ ಇಂತಿಷ್ಟು ಶೇಕಡಾ ಜನರಿಗೆ ಕೊಡುತ್ತಾರೆ. ನಮ್ಮ ಡಿಸ್ಟಿಂಕ್ಷನ್ನಿಗೆ ಹತ್ತಿರದ ನೆಂಟ.

ಎರಡನೆಯದು ಡಿಪಾರ್ಟ್‌ಮೆಂಟ್ ಕೊಡುವ ಆನರ್ಸ್. ಇದಕ್ಕೆ ಸಾಮಾನ್ಯವಾಗಿ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಒಂದು ವರ್ಷದಷ್ಟು ಸಂಶೋಧನೆ ಮಾಡಿ, ಪ್ರಬಂಧ ಬರೆದು, ಒಂದು ಸಣ್ಣ ಸಮಿತಿಯ ಮುಂದೆ ನಿಂತು ಉತ್ತರ ಹೇಳಬೇಕು. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಮುಂದೆ ಬರುವ ಪಾಠಗಳ ತಿರುಳು ಇಲ್ಲಿದೆ.

ಮೂರನೆಯದು ಆನರ್ಸ್ ಕಾಲೇಜು ಅಥವಾ ಆನರ್ಸ್ ಪ್ರೋಗ್ರಾಮ್. ದೊಡ್ಡ ಸ್ಟೇಟ್ ಯೂನಿವರ್ಸಿಟಿಗಳ ಒಳಗೆ ಒಂದು ಚಿಕ್ಕ ಕಾಲೇಜಿನ ಹಾಗೆ ಇದು ನಡೆಯುತ್ತದೆ. ಸಣ್ಣ ತರಗತಿಗಳು, ಕೋರ್ಸುಗಳನ್ನು ಮೊದಲೇ ಆರಿಸಿಕೊಳ್ಳುವ ಅವಕಾಶ, ಕೆಲವೊಮ್ಮೆ ಪ್ರತ್ಯೇಕ ಹಾಸ್ಟೆಲ್, ಒಂದಿಷ್ಟು ಸ್ಕಾಲರ್‌ಶಿಪ್. ಈ ಬಗೆಯ ವ್ಯವಸ್ಥೆಗೆ ಅಮೆರಿಕದಲ್ಲಿ ಹೆಸರು ತಂದವರಲ್ಲಿ ಮುಖ್ಯರಾದವರು ಪೆನ್ಸಿಲ್ವೇನಿಯದ ಸ್ವಾರ್ಥ್‌ಮೋರ್ ಕಾಲೇಜಿನ ಅಧ್ಯಕ್ಷರಾಗಿದ್ದ ಫ್ರಾಂಕ್ ಐಡೆಲಾಟ್. ರೋಡ್ಸ್ ಸ್ಕಾಲರ್ ಆಗಿ ಆಕ್ಸ್‌ಫರ್ಡಿನಲ್ಲಿ ಓದಿ ಬಂದಿದ್ದ ಅವರು 1922ರಲ್ಲಿ ಅಲ್ಲಿನ ಮಾದರಿಯಲ್ಲೇ ಸಣ್ಣ ಸೆಮಿನಾರುಗಳು ಮತ್ತು ಹೊರಗಿನ ಪರೀಕ್ಷಕರಿರುವ ಆನರ್ಸ್ ಕಾರ್ಯಕ್ರಮ ಶುರುಮಾಡಿದರು. ಅದು ಇಂದಿಗೂ ಇದೆ.

ನಾಲ್ಕನೆಯದು ಆನರ್ ಸೊಸೈಟಿಗಳು. 1776ರಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ, ಇಂಜಿನಿಯರುಗಳಿಗಾಗಿ 1885ರಲ್ಲಿ ಹುಟ್ಟಿದ ಟೌ ಬೀಟಾ ಪೈ ಇಂಥವು ಗೌರವದ ಸಂಘಗಳು. ಆದರೆ "ನಿಮ್ಮ ಮಗನನ್ನು ಆಯ್ಕೆ ಮಾಡಿದ್ದೇವೆ, ಹಣ ಕಳುಹಿಸಿ" ಎಂದು ಚಂದದ ಲಕೋಟೆಯಲ್ಲಿ ಕಾಗದ ಕಳಿಸುವ, ಯಾರೂ ಕೇಳಿರದ ಸೊಸೈಟಿಗಳೂ ಇವೆ. ಚೆಕ್ ಬರೆಯುವ ಮೊದಲು ಡಿಪಾರ್ಟ್‌ಮೆಂಟಿನ ಅಡ್ವೈಸರ್ ಅವರನ್ನು ಒಂದು ಮಾತು ಕೇಳಿ.

ಈಗ ಯಾರಾದರೂ "ಆನರ್ಸ್ ಬೇಕೇ?" ಎಂದರೆ ನಮ್ಮ ಮೊದಲ ಉತ್ತರ "ಯಾವ ಆನರ್ಸ್?" ಎಂದಾಗಬೇಕು.

ಪಾಠ 2: ಕ್ಯಾಲೆಂಡರ್ ತೆಗೆದು ನೋಡಿ

ಅಮೆರಿಕದಲ್ಲಿ ಹೆಚ್ಚಿನ ಪಿಎಚ್‌.ಡಿ. ಕಾರ್ಯಕ್ರಮಗಳಿಗೆ ಅರ್ಜಿ ಹಾಕಲು ಕಡೆಯ ದಿನ ಡಿಸೆಂಬರ್ ತಿಂಗಳ ಆಸುಪಾಸು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಉತ್ತರಗಳು ಬರತೊಡಗುತ್ತವೆ. ಹಣಕಾಸಿನ ನೆರವಿನೊಂದಿಗೆ ಸೀಟು ಸಿಕ್ಕವರು ಹೂಂ ಅಥವಾ ಉಹೂಂ ಹೇಳಲು ಬಹುತೇಕ ಯೂನಿವರ್ಸಿಟಿಗಳು ಏಪ್ರಿಲ್ 15ರವರೆಗೆ ಸಮಯ ಕೊಡುತ್ತವೆ.

ಲ್ಯಾಟಿನ್ ಆನರ್ಸ್ ಖಚಿತವಾಗುವುದು ಯಾವಾಗ? ಕೊನೆಯ ಸೆಮಿಸ್ಟರಿನ ಅಂಕಗಳು ಬಂದ ಮೇಲೆ, ಅಂದರೆ ಮೇ ತಿಂಗಳಲ್ಲಿ. ನಾಲ್ಕನೇ ವರ್ಷದಲ್ಲೇ ಅರ್ಜಿ ಹಾಕುವ ವಿದ್ಯಾರ್ಥಿಯ ಕಡತದಲ್ಲಿ ಆ ಪದ ಇನ್ನೂ ಹುಟ್ಟಿಯೇ ಇರುವುದಿಲ್ಲ. ಡಿಪಾರ್ಟ್‌ಮೆಂಟಿನ ಆನರ್ಸ್ ಕೂಡ ಹಾಗೆಯೇ: ಡಿಸೆಂಬರಿನಲ್ಲಿ ಪ್ರಬಂಧ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಸಮಿತಿಯವರು ಇಲ್ಲದ ಪದವನ್ನು ನೋಡಿ ತೀರ್ಮಾನ ಮಾಡಲು ಸಾಧ್ಯವಿಲ್ಲವಲ್ಲ.

ಅವರು ನೋಡುವುದು ಆ ಪದದ ಹಿಂದಿರುವ ಸಂಗತಿಗಳನ್ನು. ಯಾವ ಕೋರ್ಸುಗಳು, ಅವುಗಳಲ್ಲಿ ಎಷ್ಟು ಅಂಕ, ಯಾರ ಜೊತೆ ಯಾವ ಕೆಲಸ. ಲೇಬಲ್ ಬೇಡ, ಡೇಟಾ ಕೊಡಿ ಎಂದ ಹಾಗೆ. ಜಿಪಿಎ ನೇರವಾಗಿ ಕಣ್ಣೆದುರಿಗೇ ಇರುವಾಗ ಅದರ ಮೇಲೆ ಅಂಟಿಸಿದ ಲ್ಯಾಟಿನ್ ಚೀಟಿ ಹೊಸದೇನನ್ನೂ ಹೇಳುವುದಿಲ್ಲ. ಪದವಿ ಮುಗಿಸಿ ಒಂದೆರಡು ವರ್ಷ ಕೆಲಸ ಮಾಡಿ ಅರ್ಜಿ ಹಾಕುವವರಿಗೆ ಚೀಟಿ ಸಿಕ್ಕಿರುತ್ತದೆ, ನಿಜ. ಆದರೆ ಅವರ ವಿಷಯದಲ್ಲೂ ಓದುವವರ ಮುಂದೆ ಅಂಕಪಟ್ಟಿ ಇದ್ದೇ ಇರುತ್ತದೆ.

ಪಾಠ 3: ಅರ್ಜಿ ಓದುವವರ ಕುರ್ಚಿಯಲ್ಲಿ ಕುಳಿತು ನೋಡಿ

ಗ್ರ್ಯಾಜುಯೇಟ್ ಸ್ಕೂಲ್ ಎಂಬುದೂ ಒಂದೇ ವಸ್ತುವಲ್ಲ.

ವಿಜ್ಞಾನ, ಇಂಜಿನಿಯರಿಂಗ್ ವಿಷಯಗಳಲ್ಲಿ ಪಿಎಚ್‌.ಡಿ.ಗೆ ಸೇರಿಸಿಕೊಂಡರೆ ಸಾಮಾನ್ಯವಾಗಿ ಯೂನಿವರ್ಸಿಟಿಯೇ ಟ್ಯೂಷನ್ ಭರಿಸಿ, ಬೋಧನೆ ಅಥವಾ ಸಂಶೋಧನಾ ಸಹಾಯಕನ ಕೆಲಸ ಕೊಟ್ಟು ಐದಾರು ವರ್ಷ ಸಾಕುತ್ತದೆ. ಅಷ್ಟು ಹಣ ಹೂಡುವ ಪ್ರಾಧ್ಯಾಪಕರ ಪ್ರಶ್ನೆ ಒಂದೇ: ಉತ್ತರ ಯಾರಿಗೂ ಗೊತ್ತಿಲ್ಲದ ಸಮಸ್ಯೆಯನ್ನು ಕೈಗೆ ಕೊಟ್ಟರೆ ಈ ಹುಡುಗಿ ಏನು ಮಾಡುತ್ತಾಳೆ? ಪರೀಕ್ಷೆಯ ಅಂಕ ಇದಕ್ಕೆ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ. ಉಳಿದರ್ಧ ಬರುವುದು ಶಿಫಾರಸು ಪತ್ರಗಳಿಂದ, ಸಾಮಾನ್ಯವಾಗಿ ಮೂರು. "ನನ್ನ ತರಗತಿಯಲ್ಲಿ ಎ ಗ್ರೇಡ್ ಪಡೆದಿದ್ದಾಳೆ, ಶಿಸ್ತಿನ ವಿದ್ಯಾರ್ಥಿನಿ" ಎಂದು ಬರೆದ ಪತ್ರ ಒಂದು ಬಗೆ. "ನನ್ನ ಲ್ಯಾಬಿನಲ್ಲಿ ಒಂದು ವರ್ಷ ಇದ್ದಾಳೆ, ಮೊದಲ ಪ್ರಯೋಗ ಎರಡು ತಿಂಗಳಾದರೂ ಕೆಲಸ ಮಾಡಲಿಲ್ಲ, ತಪ್ಪು ಎಲ್ಲಿದೆ ಎಂದು ಅವಳೇ ಹುಡುಕಿದಳು" ಎಂದು ಬರೆದ ಪತ್ರ ಇನ್ನೊಂದು ಬಗೆ. ಈ ಎರಡನೇ ಪತ್ರ ಬರೆಯಲು ಪ್ರಾಧ್ಯಾಪಕರಿಗೆ ಬೇಕಾದ ಸಾಮಗ್ರಿ ಹುಟ್ಟುವುದು ಆನರ್ಸ್ ಪ್ರಬಂಧದಂಥ ಕೆಲಸದಿಂದ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಇಲ್ಲಿ ಕೆಸರಿಗೇ ಬೆಲೆ. ಅದರಲ್ಲೂ 2018ರ ನಂತರ ಹಲವು ವಿಜ್ಞಾನ ವಿಭಾಗಗಳು, 2020ರ ಕೋವಿಡ್ ಸಮಯದಲ್ಲಿ ಇನ್ನೂ ಹಲವು, ಜಿಆರ್‌ಇ ಅಂಕ ಕೇಳುವುದನ್ನು ಬಿಟ್ಟವು. ಅಲ್ಲೆಲ್ಲ ಪತ್ರಗಳ ತೂಕ ಇನ್ನಷ್ಟು ಹೆಚ್ಚಾಗಿದೆ.

ಕೆಲಸಕ್ಕೆ ಸಿದ್ಧಮಾಡುವ ಎಂ.ಎಸ್. ಕಾರ್ಯಕ್ರಮಗಳ ಲೆಕ್ಕ ಬೇರೆ. ನಮ್ಮ ಬಳಗದ ಹೆಚ್ಚಿನವರು ಸ್ವಂತ ಹಣದಲ್ಲೋ ಸಾಲದಲ್ಲೋ ಮಾಡಿದ್ದು ಇದನ್ನೇ. ಇಲ್ಲಿ ಬೇಕಾದ ಕೋರ್ಸುಗಳನ್ನು ಓದಿದ್ದೀರಾ, ಜಿಪಿಎ ಸರಿಯಾಗಿದೆಯಾ ಎಂಬುದು ಮುಖ್ಯ. ಹಲವು ಗ್ರ್ಯಾಜುಯೇಟ್ ಸ್ಕೂಲುಗಳ ಕನಿಷ್ಠ ಗೆರೆ 4ಕ್ಕೆ 3.0. ಎಂಬಿಎಗೆ ಕೆಲಸದ ಅನುಭವ ಮುಖ್ಯ. ಲಾ ಸ್ಕೂಲಿಗೆ ಜಿಪಿಎ ಮತ್ತು ಎಲ್‌ಸ್ಯಾಟ್, ಮೆಡಿಕಲ್ ಸ್ಕೂಲಿಗೆ ಜಿಪಿಎ ಮತ್ತು ಎಂಕ್ಯಾಟ್ ತುಂಬಾ ಭಾರದ ಸಂಗತಿಗಳು. ಇಂಥ ಕಡೆ ಆನರ್ಸ್ ಎಂಬುದು ಇದ್ದರೆ ಸಂತೋಷ, ಇಲ್ಲದಿದ್ದರೆ ಯಾರೂ ಹುಡುಕುವುದಿಲ್ಲ. ಬದಲಿಗೆ ಕಷ್ಟದ ಆನರ್ಸ್ ಕೋರ್ಸುಗಳಿಂದ ಜಿಪಿಎ ಇಳಿದರೆ ಅದು ನಿಜವಾಗಿ ಪೆಟ್ಟು ಕೊಡಬಹುದು.

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎಂಬ ಗಾದೆ ನಿಮಗೆ ನೆನಪಿರಬಹುದು. ಸಂಶೋಧನೆ ಮಾಡದೆ ಆನರ್ಸ್ ಕಾಲೇಜಿನ ಹೆಸರನ್ನು ಮಾತ್ರ ಹೊತ್ತ ಪಿಎಚ್‌.ಡಿ. ಅರ್ಜಿ ಆ ಭಟ್ಟರ ಮನೆಯ ಹಾಗೆ.

ಪಾಠ 4: ವೀಸಾ ಮೇಲಿರುವ ನಮ್ಮ ಮಕ್ಕಳ ಲೆಕ್ಕವೇ ಬೇರೆ

ಯಾವ ಕಾಲೇಜಿನ ಮಾಹಿತಿ ಪುಸ್ತಕದಲ್ಲೂ ಈ ಪಾಠ ಸುಲಭವಾಗಿ ಸಿಗುವುದಿಲ್ಲ. ಆದರೆ ನಮ್ಮ ಬಳಗದ ಎಷ್ಟೋ ಮನೆಗಳಿಗೆ ಇದೇ ಮುಖ್ಯ.

ಗ್ರೀನ್ ಕಾರ್ಡ್ ಸರದಿಯಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ತಂದೆ ತಾಯಿಯರ ಮಕ್ಕಳು ಎಚ್-4 ವೀಸಾ ಮೇಲೆ ಓದಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. 21 ತುಂಬಿದ ಮೇಲೆ ಆ ವೀಸಾದಲ್ಲಿ ಉಳಿಯುವಂತೆಯೂ ಇಲ್ಲ, ಎಫ್-1ಕ್ಕೋ ಮತ್ತೊಂದಕ್ಕೋ ಬದಲಾಗಬೇಕು. ಬೇಸಿಗೆಯಲ್ಲಿ ಸಂಬಳ ಕೊಟ್ಟು ಸಂಶೋಧನೆ ಕಲಿಸುವ, 1987ರಿಂದ ನಡೆದುಬಂದಿರುವ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನ ಆರ್‌ಇಯು ಕಾರ್ಯಕ್ರಮದ ಹಣ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮೀಸಲು. ಅದೇ ಸಂಸ್ಥೆಯ ಹೆಸರಾಂತ ಗ್ರ್ಯಾಜುಯೇಟ್ ಫೆಲೋಶಿಪ್ ಕೂಡ ಹಾಗೆಯೇ. ಅಂದರೆ ಪಕ್ಕದ ಬೆಂಚಿನ ಗೆಳತಿಗೆ ಲ್ಯಾಬಿನೊಳಗೆ ಹೋಗಲು ನಾಲ್ಕು ಬಾಗಿಲುಗಳಿದ್ದರೆ, ಐದನೇ ವಯಸ್ಸಿನಿಂದ ಇಲ್ಲೇ ಬೆಳೆದ ನಮ್ಮ ಮಗಳಿಗೆ ಒಂದೋ ಎರಡೋ.

ಆ ಉಳಿದ ಬಾಗಿಲುಗಳಲ್ಲಿ ಆನರ್ಸ್ ಪ್ರಬಂಧ ಒಂದು. ಅದಕ್ಕೆ ಸಂಬಳ ಇಲ್ಲ, ಕ್ರೆಡಿಟ್ ಇದೆ. ಕ್ರೆಡಿಟ್ಟಿಗಾಗಿ ಮಾಡುವ ಸಂಶೋಧನೆ ಓದಿನ ಭಾಗ, ಉದ್ಯೋಗವಲ್ಲ. ಹೀಗಾಗಿ ಎಚ್-4 ಮಕ್ಕಳಿಗೆ ಇದರ ಬೆಲೆ ಉಳಿದವರಿಗಿಂತ ಹೆಚ್ಚು. ವೀಸಾ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಆದ್ದರಿಂದ ಸಹಿ ಹಾಕುವ ಮೊದಲು ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ತಪ್ಪದೆ ಕೇಳಿ.

ಬಳಗದ ಒಂದು ಮನೆಯಲ್ಲಿ ನಡೆದದ್ದನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತೇನೆ, ಹೆಸರು ಬೇಡ. ಮಗಳು ಸ್ಟೇಟ್ ಯೂನಿವರ್ಸಿಟಿಯೊಂದರಲ್ಲಿ ಬಯೋಕೆಮಿಸ್ಟ್ರಿ ಮೂರನೇ ವರ್ಷ, ಎಚ್-4. ಆನರ್ಸ್ ಕಾಲೇಜಿನಲ್ಲೂ ಇದ್ದಳು. ಅಲ್ಲಿಯ ಷರತ್ತು ಮೂರು: ಪ್ರತಿ ಸೆಮಿಸ್ಟರ್ ಒಂದು ಹೆಚ್ಚುವರಿ ಸೆಮಿನಾರ್, ಜಿಪಿಎ 3.5ಕ್ಕಿಂತ ಇಳಿಯಬಾರದು, ಕೊನೆಗೆ ಪ್ರಬಂಧ. ಜಿಪಿಎ 3.4ಕ್ಕೆ ಇಳಿದಿತ್ತು, ರಾತ್ರಿ ನಿದ್ದೆ ನಾಲ್ಕು ಗಂಟೆಗೆ ಇಳಿದಿತ್ತು. ಅಪ್ಪ "ಆನರ್ಸ್ ಬಿಟ್ಟರೆ ಪಿಎಚ್‌.ಡಿ. ಆಸೆಯನ್ನೂ ಬಿಡಬೇಕು" ಎಂದರು. ಅಮ್ಮ "ಎಲ್ಲವನ್ನೂ ಬಿಡಲಿ, ಮಗಳು ಉಳಿದರೆ ಸಾಕು" ಎಂದರು. ಇಬ್ಬರೂ ಆನರ್ಸ್ ಎಂಬುದನ್ನು ಒಂದೇ ಗಂಟು ಎಂದುಕೊಂಡಿದ್ದರು.

ನಾವು ಕುಳಿತು ಗಂಟು ಬಿಚ್ಚಿದೆವು. ಸೆಮಿನಾರುಗಳಿಂದ ಪಿಎಚ್‌.ಡಿ. ಅರ್ಜಿಗೆ ಏನು ಬರುತ್ತದೆ? ಹೆಚ್ಚೇನಿಲ್ಲ. 3.5ರ ಗೆರೆಯಿಂದ? ಪದವಿ ಪತ್ರದ ಮೇಲೊಂದು ಪದ. ಪ್ರಬಂಧದಿಂದ? ಲ್ಯಾಬ್, ಅನುಭವ, ಪತ್ರ. ಅವಳು ಆನರ್ಸ್ ಕಾಲೇಜು ಬಿಟ್ಟಳು, ಪ್ರಾಧ್ಯಾಪಕರ ಜೊತೆಗಿನ ಸಂಶೋಧನೆಯನ್ನು ಕ್ರೆಡಿಟ್ಟಿಗಾಗಿ ಮುಂದುವರಿಸಿದಳು. ನಷ್ಟವಾಗಲಿಲ್ಲ ಎನ್ನಲಾರೆ: ಸಣ್ಣ ಸ್ಕಾಲರ್‌ಶಿಪ್ ಒಂದು ಹೋಯಿತು, ಜಿಪಿಎ 3.5 ಮುಟ್ಟದೆ ಡಿಪಾರ್ಟ್‌ಮೆಂಟ್ ಆನರ್ಸೂ ಸಿಗಲಿಲ್ಲ. ಪ್ರಬಂಧ ಬರೆದಳು, ಪದ ಸಿಗಲಿಲ್ಲ. ಏಳು ಕಡೆ ಅರ್ಜಿ ಹಾಕಿದಳು. ಐದು ಕಡೆ ಇಲ್ಲ ಎಂದರು, ಎರಡು ಕಡೆ ಪೂರ್ತಿ ನೆರವಿನೊಂದಿಗೆ ಬಾ ಎಂದರು. ಪದವಿ ಪ್ರದಾನದ ದಿನ ಬೇರೆ ಮಕ್ಕಳ ಕೊರಳಲ್ಲಿದ್ದ ಬಂಗಾರದ ಬಣ್ಣದ ದಾರ ಮಗಳ ಕೊರಳಲ್ಲಿ ಇರಲಿಲ್ಲ ಎಂಬ ಕೊರಗು ಅಪ್ಪನಿಗೆ ಇನ್ನೂ ಸ್ವಲ್ಪ ಇದೆ. ಮಗಳಿಗೆ ಇಲ್ಲ.

ಪಾಠ 5: ಗಡಿ ದಾಟಿದರೆ ಉತ್ತರ ಬದಲಾಗುತ್ತದೆ

ಇಲ್ಲಿಯವರೆಗೆ ಹೇಳಿದ್ದು ಅಮೆರಿಕದ ಮಾತು. ಸಿಡ್ನಿಯಲ್ಲೋ ಲಂಡನ್ನಿನಲ್ಲೋ ಇರುವ ನಿಮ್ಮ ಭಾವಮೈದುನ "ಆನರ್ಸ್ ಇಲ್ಲದೆ ನಡೆಯುವುದೇ ಇಲ್ಲ" ಎಂದರೆ ಅವರು ಹೇಳುವುದೂ ಸರಿಯೇ.

ಆಸ್ಟ್ರೇಲಿಯದಲ್ಲಿ ಬಿ.ಎಸ್ಸಿ., ಬಿ.ಎ. ಸಾಮಾನ್ಯವಾಗಿ ಮೂರು ವರ್ಷ. ಆನರ್ಸ್ ಎಂಬುದು ಅದರ ಮೇಲೆ ಪ್ರತ್ಯೇಕವಾದ ನಾಲ್ಕನೇ ವರ್ಷ, ಅದರಲ್ಲಿ ದೊಡ್ಡ ಪಾಲು ಸಂಶೋಧನಾ ಪ್ರಬಂಧ. ಅಲ್ಲಿನ ಅರ್ಹತೆಗಳ ಚೌಕಟ್ಟಿನಲ್ಲಿ ಸಾಮಾನ್ಯ ಪದವಿ 7ನೇ ಮೆಟ್ಟಿಲು, ಆನರ್ಸ್ 8, ಮಾಸ್ಟರ್ಸ್ 9, ಪಿಎಚ್‌.ಡಿ. 10. ಆನರ್ಸಿನಲ್ಲಿ ಒಳ್ಳೆಯ ದರ್ಜೆ ಬಂದರೆ ಮಾಸ್ಟರ್ಸ್ ಇಲ್ಲದೆ ನೇರ ಪಿಎಚ್‌.ಡಿ.ಗೆ ಹೋಗಬಹುದು, ಸ್ಕಾಲರ್‌ಶಿಪ್ ಪೈಪೋಟಿಯಲ್ಲಿ ಫಸ್ಟ್ ಕ್ಲಾಸ್ ಆನರ್ಸ್ ಇದ್ದವರೇ ಮುಂದೆ. ಅಲ್ಲಿ ಆನರ್ಸ್ ಅಲಂಕಾರವಲ್ಲ, ಮೆಟ್ಟಿಲು.

ಬ್ರಿಟನ್ನಿನಲ್ಲಿ ಹೆಚ್ಚಿನ ಪದವಿಗಳೆಲ್ಲ ಆನರ್ಸ್ ಪದವಿಗಳೇ. ಪ್ರಶ್ನೆ ಯಾವ ದರ್ಜೆ ಎಂಬುದು. ಸಾಮಾನ್ಯವಾಗಿ 70 ಮತ್ತು ಮೇಲೆ ಫಸ್ಟ್, 60ರಿಂದ 69 ಅಪ್ಪರ್ ಸೆಕೆಂಡ್, 50ರಿಂದ 59 ಲೋಯರ್ ಸೆಕೆಂಡ್, 40ರಿಂದ 49 ಥರ್ಡ್. ಮಾಸ್ಟರ್ಸ್ ಕೋರ್ಸುಗಳು ಬಹಳ ಕಡೆ ಅಪ್ಪರ್ ಸೆಕೆಂಡ್ ಕೇಳುತ್ತವೆ. ನಮ್ಮ ಕಣ್ಣಿಗೆ 62 ಕಡಿಮೆ ಅನ್ನಿಸಬಹುದು, ಅಲ್ಲಿ ಅದು ಮರ್ಯಾದೆಯ ಅಂಕ. ಕೆನಡದಲ್ಲಿ ಆನರ್ಸ್ ಎಂದರೆ ಬಹುಮಟ್ಟಿಗೆ ಒಂದು ವಿಷಯವನ್ನು ಆಳವಾಗಿ ಓದಿದ ನಾಲ್ಕು ವರ್ಷದ ಪದವಿ. ಕೆಲವು ಯೂನಿವರ್ಸಿಟಿಗಳಲ್ಲಿ ಪ್ರಬಂಧ ಇರುತ್ತದೆ, ಕೆಲವದರಲ್ಲಿ ಇಲ್ಲ. ಟೊರಾಂಟೊ ಯೂನಿವರ್ಸಿಟಿಯ ಕಲೆ ಮತ್ತು ವಿಜ್ಞಾನ ವಿಭಾಗದಲ್ಲಿ ನಾಲ್ಕು ವರ್ಷದ ಪದವಿಯ ಹೆಸರಿನಲ್ಲೇ ಆನರ್ಸ್ ಸೇರಿದೆ.

ಆದ್ದರಿಂದ ಅಮೆರಿಕದಲ್ಲಿ ಓದಿದ ಮಗ ಮುಂದೆ ಮೆಲ್ಬರ್ನಿಗೆ ಪಿಎಚ್‌.ಡಿ.ಗೆ ಹೋಗುವ ಯೋಚನೆ ಇದ್ದರೆ ಪ್ರಬಂಧ ಬರೆದಿರುವುದು ಬಹಳ ಉಪಯೋಗಕ್ಕೆ ಬರುತ್ತದೆ. ಅವರು ಹುಡುಕುವುದು ತಮ್ಮ ಆನರ್ಸ್ ವರ್ಷಕ್ಕೆ ಸಮನಾದ ಸಂಶೋಧನೆಯನ್ನು.

ಪಾಠ 6: ಊರಿನಲ್ಲಿ ಓದುತ್ತಿರುವ ಅಣ್ಣ ತಂಗಿಯರ ಮಕ್ಕಳಿಗೆ

ಆನರ್ಸ್ ನಮ್ಮ ಕಡೆಗೆ ಹೊಸದಲ್ಲ. ಹಳೆಯ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಆನರ್ಸ್ ಇತ್ತು. ಎ.ಕೆ. ರಾಮಾನುಜನ್ ಅವರು ಅಲ್ಲೇ 1949ರಲ್ಲಿ ಇಂಗ್ಲಿಷ್ ಆನರ್ಸ್ ಮುಗಿಸಿ, ಮರುವರ್ಷ ಎಂ.ಎ. ಪಡೆದು, ಮುಂದೆ ಅಮೆರಿಕದ ಇಂಡಿಯಾನ ಯೂನಿವರ್ಸಿಟಿಯಲ್ಲಿ 1963ರಲ್ಲಿ ಭಾಷಾಶಾಸ್ತ್ರದ ಪಿಎಚ್‌.ಡಿ. ಮಾಡಿದರು.

ಈಗಿನ ಗೊಂದಲ ಬೇರೆ. ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಕರ್ನಾಟಕ 2021-22ರಲ್ಲಿ ಜಾರಿಗೆ ತಂದಿತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇನ್ನೊಂದು ಕಡೆ ಯುಜಿಸಿಯ 2022ರ ನಿಯಮಗಳು, ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಪಡೆದವರು ಮಾಸ್ಟರ್ಸ್ ಇಲ್ಲದೆಯೂ ಪಿಎಚ್‌.ಡಿ.ಗೆ ಅರ್ಹರು ಎನ್ನುತ್ತವೆ. ಅಮೆರಿಕಕ್ಕೆ ಬರುವವರಿಗೆ ಇಲ್ಲಿ ಆನರ್ಸ್ ಎಂಬ ಪದಕ್ಕಿಂತ ವರ್ಷಗಳ ಎಣಿಕೆ ಮುಖ್ಯ. ಹಲವು ಯೂನಿವರ್ಸಿಟಿಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ, ಕೆಲವು ಮೂರು ವರ್ಷವನ್ನೂ ಒಪ್ಪುತ್ತವೆ. ದೆಹಲಿಯ ಹಳೆಯ ಬಿ.ಕಾಂ. ಆನರ್ಸ್ ಮೂರೇ ವರ್ಷದ್ದು, ಕರ್ನಾಟಕದ ಬಿ.ಇ.ಯಲ್ಲಿ ಆನರ್ಸ್ ಎಂಬ ಪದ ಇಲ್ಲದಿದ್ದರೂ ಅದು ನಾಲ್ಕು ವರ್ಷದ್ದು. ಹಾಗಾಗಿ ಮೂರು ವರ್ಷದ ಪದವಿ ಮಾಡುತ್ತಿರುವವರು ತಾವು ಸೇರಬೇಕೆಂದಿರುವ ಕಡೆಯ ನಿಯಮವನ್ನು ಮೊದಲ ವರ್ಷದಲ್ಲೇ ಓದಿಕೊಳ್ಳಲಿ.

ಇಂಜಿನಿಯರಿಂಗ್ ಮಕ್ಕಳಿಗೆ ಈಗ ಇನ್ನೊಂದು ಆನರ್ಸ್ ಇದೆ. ಎಐಸಿಟಿಇ 2018ರ ಮಾದರಿ ಪಠ್ಯಕ್ರಮದಲ್ಲಿ 160 ಕ್ರೆಡಿಟ್‌ಗಳ ಪದವಿಯ ಮೇಲೆ 20 ಕ್ರೆಡಿಟ್ ಹೆಚ್ಚುವರಿಯಾಗಿ ಆನ್‌ಲೈನ್ ಕೋರ್ಸುಗಳ ಮೂಲಕ ಪಡೆದರೆ ಆನರ್ಸ್ ಕೊಡುವ ದಾರಿ ಇದೆ. ಒಳ್ಳೆಯ ವಿಷಯ ಕಲಿತರೆ ಒಳ್ಳೆಯದೇ. ಆದರೆ ಇದು ಹೆಚ್ಚು ಕೋರ್ಸುಗಳ ಆನರ್ಸ್, ಪ್ರಬಂಧದ ಆನರ್ಸ್ ಅಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಪಿಎಚ್‌.ಡಿ. ಗುರಿಯಾಗಿದ್ದರೆ ಕೊನೆಯ ವರ್ಷದ ಪ್ರಾಜೆಕ್ಟನ್ನು ಯಾರದೋ ಅಂಗಡಿಯಿಂದ ತಂದು ಒಪ್ಪಿಸದೆ ಸ್ವತಃ ಮಾಡುವುದು ಅದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಕೊನೆಗೆ: ಮನೆಯಲ್ಲಿ ಕುಳಿತು ಕೇಳಿಕೊಳ್ಳಬೇಕಾದ ಐದು ಪ್ರಶ್ನೆ

1. ಮುಂದಿನ ಗುರಿ ಯಾವುದು: ಪಿಎಚ್‌.ಡಿ.ಯೋ, ಎಂ.ಎಸ್.ಓ, ವೃತ್ತಿ ಶಿಕ್ಷಣವೋ? ಯಾವ ದೇಶದಲ್ಲಿ?
2. ನಿಮ್ಮ ಕಾಲೇಜು ಹೇಳುವ ಆನರ್ಸ್ ಮೇಲಿನ ನಾಲ್ಕರಲ್ಲಿ ಯಾವುದು?
3. ಅದರಲ್ಲಿ ಒಬ್ಬ ಪ್ರಾಧ್ಯಾಪಕರ ಜೊತೆ ದೀರ್ಘಕಾಲ ಮಾಡುವ ಕೆಲಸ ಇದೆಯೇ? ಅರ್ಜಿ ಹಾಕುವ ಡಿಸೆಂಬರಿಗೆ ಮೊದಲೇ, ಅಂದರೆ ಮೂರನೇ ವರ್ಷದಲ್ಲೇ ಅದನ್ನು ಶುರುಮಾಡಲು ಆಗುತ್ತದೆಯೇ?
4. ಆನರ್ಸ್ ಹೆಸರಿಲ್ಲದೆ ಅದೇ ಕೆಲಸವನ್ನು ಸ್ವತಂತ್ರ ಅಧ್ಯಯನವಾಗಿ ಮಾಡುವ ದಾರಿ ಇದೆಯೇ?
5. ಇದಕ್ಕೆ ತೆರುವ ಬೆಲೆ ಎಷ್ಟು? ಜಿಪಿಎ, ಹಣ, ನಿದ್ದೆ ಮೂರನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೂರನೇ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ, ಗುರಿ ಪಿಎಚ್‌.ಡಿ.ಯಾಗಿದ್ದರೆ, ಮಾಡಲಿ. ಉಳಿದ ಸಂದರ್ಭಗಳಲ್ಲಿ ಮಗ ಅಥವಾ ಮಗಳು "ಬೇಡ" ಎಂದರೆ ಅದನ್ನು ಸೋಮಾರಿತನ ಎಂದುಕೊಳ್ಳದೆ ಒಮ್ಮೆ ಕಿವಿಗೊಟ್ಟು ಕೇಳಿ. ಅವರು ನಮಗಿಂತ ಚೆನ್ನಾಗಿ ಲೆಕ್ಕ ಹಾಕಿರಬಹುದು.

ಶಿಫಾರಸು ಪತ್ರವನ್ನು ಯಾರನ್ನು, ಯಾವಾಗ, ಹೇಗೆ ಕೇಳಬೇಕು ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವ ಮನಸ್ಸಿದೆ. ನಿಮ್ಮ ಮನೆಯ ಅನುಭವ ಇದಕ್ಕಿಂತ ಬೇರೆಯಾಗಿದ್ದರೆ, ಅದರಲ್ಲೂ ವೈದ್ಯಕೀಯ ಮತ್ತು ಕಾನೂನು ಓದಿದ ಮಕ್ಕಳ ಅನುಭವ ಇದ್ದರೆ, ಈ ಅಂಚೆಗೆ ಉತ್ತರಿಸಿ ತಿಳಿಸಿ. ಹತ್ತು ಮನೆಗಳ ಅನುಭವ ಸೇರಿದರೆ ಹನ್ನೊಂದನೇ ಮನೆಯ ಭಯ ಕಡಿಮೆಯಾಗುತ್ತದೆ.


ನಿಮ್ಮ ಬಳಗದವನೇ ಒಬ್ಬ